ಜತ್ತದ ವಸ್ತಿಗೆ ರಾತ್ರಿ ಬಂದವರು

ಸಾಂಗ್ಲಿ ಜಿಲ್ಲೆಯ ಕಾಡುಪ್ರಾಣಿ ಎಂದರೆ ಎಲ್ಲರ ಬೆರಳೂ ಪಶ್ಚಿಮಕ್ಕೆ ತಿರುಗುತ್ತದೆ: ಸಹ್ಯಾದ್ರಿಯ ಚಾಂದೋಲಿ, ಇಲ್ಲವೇ ಜಿಂಕೆಗಳ ಸಾಗರೇಶ್ವರ. ಪೂರ್ವದ ಜತ್ತ ತಾಲ್ಲೂಕಿನ ಹೆಸರು ಕೇಳಿಬರುವುದು ಬರಗಾಲದ ಸುದ್ದಿಯಲ್ಲಿ ಮಾತ್ರ. ಆದರೆ ಹುಲ್ಲು, ಜಾಲಿಕಂಟಿ, ಕಲ್ಲುದಿನ್ನೆಯ ಇಂಥ ನೆಲವನ್ನೇ ಹುಡುಕಿ ಬಾಳುವ ಪ್ರಾಣಿಗಳಿವೆ. ಉಮದಿ, ಸಂಖ, ಮಾಡಗ್ಯಾಳದ ಕಡೆ ಊರು ಬಿಟ್ಟು ಹೊಲದಲ್ಲೇ ಮನೆ ಕಟ್ಟಿಕೊಂಡ ವಸ್ತಿಯವರಿಗೆ ಅವು ನೆರೆಹೊರೆ. ಬರುವುದು ಹೆಚ್ಚಾಗಿ ರಾತ್ರಿ, ಆದ್ದರಿಂದ ಬೆಳಿಗ್ಗೆ ಸಿಗುವುದು ಗುರುತು ಅಷ್ಟೇ.

ಆ ಗುರುತು ಓದಲು ದುಬಾರಿ ಕ್ಯಾಮೆರಾ ಬೇಕಿಲ್ಲ. ಸಂಜೆ ಹಿತ್ತಲ ದಾರಿಯಲ್ಲಿ ಜರಡಿ ಹಿಡಿದ ಮಣ್ಣು ತೆಳ್ಳಗೆ ಹರಡಿ, ಬೆಳಿಗ್ಗೆ ಕಸ ಹೊಡೆಯುವ ಮೊದಲು ನೋಡಿ. ಮೂಡಿದ ಹೆಜ್ಜೆಯ ಪಕ್ಕ ಬೆಂಕಿಪೊಟ್ಟಣ ಇಟ್ಟು ಫೋಟೊ ತೆಗೆದರೆ ಅಳತೆಯೂ ಸಿಕ್ಕಿತು. ನಾಲ್ಕು ಬೆರಳಿದ್ದು ಉಗುರು ಕಾಣದಿದ್ದರೆ ಬೆಕ್ಕಿನ ಬಳಗ, ಉಗುರು ಮೂಡಿದ್ದರೆ ನಾಯಿಯ ಬಳಗ. ನಡುವೆ ಬಾಲ ಎಳೆದ ಗೆರೆ, ಎರಡೂ ಬದಿ ಐದು ಬೆರಳು ಕಂಡರೆ ಉಡ. ದಾಳಿಂಬೆ ಗಿಡದ ಬುಡದಲ್ಲಿ ಉಳಿಯಿಂದ ಕೆತ್ತಿದಂಥ ಹಲ್ಲಿನ ಗುರುತಿದ್ದರೆ ಮುಳ್ಳುಹಂದಿ. ಅದು ಮುಳ್ಳನ್ನು ಬಾಣದ ಹಾಗೆ ಬಿಡುತ್ತದೆ ಎಂಬುದು ಬರೀ ಕತೆ.

ಕಷ್ಟವಿರುವುದು ತೋಳದಲ್ಲಿ. ಮಾಡಗ್ಯಾಳ ತಳಿಯ ಕುರಿಗೆ ಹೆಸರಾದ ಸೀಮೆಯಿದು. ದಡ್ಡಿಯಲ್ಲಿ ಕುರಿ ಸತ್ತರೆ ಮೊದಲ ಅನುಮಾನ ತೋಳದ ಮೇಲೆಯೇ. ಬೀದಿನಾಯಿಗಳ ಗುಂಪೂ ಕುರಿ ಕೊಲ್ಲುತ್ತದೆ ಎಂಬುದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಒಂಟಿ ಹೆಜ್ಜೆಯಿಂದ ತೀರ್ಮಾನಕ್ಕೆ ಬರಬೇಡಿ, ಸಾಲನ್ನು ನೋಡಿ. ನಾಯಿ ಆಚೆ ಮೂಸಿ ಈಚೆ ತಿರುಗಿ ಅಡ್ಡಾದಿಡ್ಡಿ ಹೋಗುತ್ತದೆ. ತೋಳ ಮುಂಗಾಲು ಊರಿದಲ್ಲೇ ಹಿಂಗಾಲು ಊರಿ ಒಂದೇ ಗೆರೆಯಲ್ಲಿ ಸಾಗುತ್ತದೆ. ಮುಂಗಾಲಿನ ಹೆಜ್ಜೆ ಹಿಂಗಾಲಿನದಕ್ಕಿಂತ ಎದ್ದು ಕಾಣುವಷ್ಟು ದೊಡ್ಡದಿದ್ದರೆ ಅದು ಕತ್ತೆಕಿರುಬ, ನಮ್ಮ ಮರಾಠಿ ನೆರೆಯವರ ‘ತರಸ’. ಎಲುಬು ತಿನ್ನುವ ಅದರ ಹಿಕ್ಕೆ ಒಣಗಿದರೆ ಸುಣ್ಣದಂತೆ ಬೆಳ್ಳಗಾಗುತ್ತದೆ. ಸತ್ತ ದನ ತಿಂದು ನೆಲ ಚೊಕ್ಕಟ ಮಾಡುವ ಈ ಬಡಪಾಯಿ ತೋಳದ ಪಾಲಿನ ಏಟನ್ನೂ ತಿಂದಿದೆ. ಬಾಲದ ತುದಿ ಕಪ್ಪಗಿರುವ ಪುಟ್ಟ ನರಿಯಂತೂ ಇಲಿ, ಮಿಡತೆ, ಬಾರೆಹಣ್ಣಿನಲ್ಲೇ ಹೊಟ್ಟೆ ಹೊರೆಯುತ್ತದೆ. ಅದಕ್ಕೂ ಕಲ್ಲು ಬೀಳುತ್ತದೆ. ತೋಳ ಮತ್ತು ಉಡ 1972ರ ವನ್ಯಜೀವಿ ಕಾಯ್ದೆಯ ಮೊದಲ ಅನುಸೂಚಿಯಲ್ಲಿವೆ, ಕೊಂದರೆ ಜೈಲು.

ಇನ್ನು ಹಾವು. ಕಲ್ಲುರಾಶಿಯಲ್ಲಿ ಸುರುಳಿ ಸುತ್ತಿ, ಮೈ ತಿಕ್ಕಿ ಗರಗರ ಸದ್ದು ಮಾಡುವುದು ಗರಗಸ ಮಂಡಲ, ಮರಾಠಿಯ ‘ಫುರಸೆ’. ಗೋಡೆಯ ಸಂದಿನ ತೋಳಹಾವಿಗೆ ವಿಷವಿಲ್ಲ, ಆದರೂ ಕಟ್ಟುಹಾವು ಎಂದು ಸಾಯುತ್ತದೆ. ತೋಳಹಾವಿನ ಪಟ್ಟೆ ತಲೆಯ ಕಡೆ ಸ್ಪಷ್ಟ, ಬಾಲದ ಕಡೆ ಮಾಸಲು. ಕಟ್ಟುಹಾವಿನದು ಇದಕ್ಕೆ ತದ್ವಿರುದ್ಧ. ಇದನ್ನು ಪರೀಕ್ಷಿಸಲು ಹತ್ತಿರ ಹೋಗಬೇಡಿ, ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಫೋನ್ ಮಾಡಿ. ಕಚ್ಚಿದ ಮೇಲಂತೂ ಯಾವ ಹಾವೆಂದು ಹುಡುಕುತ್ತ ಹೊತ್ತು ಕಳೆಯುವುದೇ ಬೇಡ: ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ನಾಲ್ಕಕ್ಕೂ ಆಸ್ಪತ್ರೆಯಲ್ಲಿ ಕೊಡುವ ಇಂಜೆಕ್ಷನ್ ಒಂದೇ.