ಹಳೆ ಟ್ರ್ಯಾಕ್ಟರ್‌ಗೆ ಹೊಸ ಯಜಮಾನ

ನಾಟಿ ಸಮೀಪಿಸಿತೆಂದರೆ ರಾಯಚೂರು ತಾಲ್ಲೂಕಿನ ಗಿಲ್ಲೆಸುಗೂರು ಸುತ್ತಲಿನ ಭತ್ತದ ಸೀಮೆಯಲ್ಲಿ ಹಳೆ ಟ್ರ್ಯಾಕ್ಟರ್‌ಗಳದ್ದೇ ಮಾತು. ಹೊಸದರ ಬೆಲೆ ಕೇಳಿಯೇ ಬೆವರಿದ ರೈತ ಸೆಕೆಂಡ್ ಹ್ಯಾಂಡ್ ಗಾಡಿಯತ್ತ ಹೊರಳುತ್ತಾನೆ. ‘ಅಣ್ಣಾ, ಎಂಜಿನ್ ಒಮ್ಮೆನೂ ಬಿಚ್ಚಿಲ್ಲ ನೋಡ್ರಿ’ ಎಂಬುದು ದಲ್ಲಾಳಿಗಳ ಬಾಯಿಪಾಠ. ಬಾನೆಟ್‌ಗೆ ಹೊಸ ಬಣ್ಣ, ಸೀಟಿಗೆ ಹೊಸ ಕವರು. ಗಂಟೆ ತೋರಿಸುವ ಮೀಟರು ಮಾತ್ರ ಅದೇಕೋ ಕೆಟ್ಟಿರುತ್ತದೆ!

ಲೆಕ್ಕ ತಪ್ಪಿದರೆ ಪೆಟ್ಟು ದೊಡ್ಡದು. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಭಾಗದ ರೈತರಿಗೆ ನೀರಿನ ಭರವಸೆಯೇ ತೆಳು. 2024ರ ಆಗಸ್ಟ್ 10ರ ರಾತ್ರಿ ಜಲಾಶಯದ 19ನೇ ಕ್ರಸ್ಟ್ ಗೇಟ್ ಕೊಚ್ಚಿಹೋದಾಗ ಕಾಲುವೆಯುದ್ದಕ್ಕೂ ಎದೆ ನಡುಗಿತ್ತು. ಅಂಥ ಬೆಳೆಯನ್ನು ನಂಬಿ ಸಾಲ ಮಾಡಿದವನ ಗಾಡಿ ಕೆಸರಿನ ನಡುವೆ ಕೆಟ್ಟು ನಿಂತರೆ ಆ ಹಂಗಾಮೇ ಹೋದಂತೆ.

ಕೆಸರಿನಲ್ಲಿ ರೋಟವೇಟರ್ ಎಳೆಯಲು ಬಲ ಬೇಕೆಂದು ಅನೇಕರು ಟರ್ಬೊ ಎಂಜಿನ್ನನ್ನೇ ಹುಡುಕುತ್ತಾರೆ. ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಆಲ್ಫ್ರೆಡ್ ಬ್ಯೂಚಿ 1905ರಲ್ಲಿ ಪೇಟೆಂಟ್ ಪಡೆದ ಉಪಾಯವಿದು. ಸುಮ್ಮನೆ ಹೊರಹೋಗುವ ಹೊಗೆಯ ರಭಸದಿಂದ ಒಂದು ಚಕ್ರ ತಿರುಗುತ್ತದೆ. ಅದೇ ದಂಡದ ಇನ್ನೊಂದು ತುದಿಯ ಚಕ್ರ ಎಂಜಿನ್‌ಗೆ ಹೆಚ್ಚು ಗಾಳಿ ತುಂಬುತ್ತದೆ. ನಿಮಿಷಕ್ಕೆ ಲಕ್ಷ ಸುತ್ತು ದಾಟಬಲ್ಲ ಈ ದಂಡಕ್ಕೆ ಆಸರೆ, ಕೂದಲೆಳೆಗಿಂತ ತೆಳುವಾದ ಆಯಿಲ್ ಪದರ. ಹೀಗಾಗಿ ದೂಳು ಮತ್ತು ಕೊಳೆ ಆಯಿಲ್ ಇದರ ಶತ್ರುಗಳು.

ಗಾಡಿ ನೋಡಲು ಹೋಗುವವರು ಎಂಜಿನ್ ತಣ್ಣಗಿರುವಾಗಲೇ ಹೋಗಬೇಕು. ಮಾರುವವರು ಮೊದಲೇ ಬಿಸಿ ಮಾಡಿಟ್ಟಿದ್ದರೆ ಅನುಮಾನಕ್ಕೆ ಜಾಗವಿದೆ. ಟರ್ಬೊಗೆ ಗಾಳಿ ಒಯ್ಯುವ ಪೈಪು ಬಿಚ್ಚಿ, ದಂಡವನ್ನು ಬೆರಳಿನಿಂದ ಅಲುಗಿಸಿ ನೋಡಬೇಕು. ಅಡ್ಡಡ್ಡ ತುಸು ಆಡುವುದು ಸಹಜ. ರೆಕ್ಕೆ ಗೋಡೆಗೆ ತಾಗಿದರೆ ಅಥವಾ ದಂಡ ಹಿಂದೆ ಮುಂದೆ ಸರಿದರೆ ಖರ್ಚು ಕಾದಿದೆ. ಬಳಿಕ ಸ್ಟಾರ್ಟ್ ಮಾಡಿಸಿ, ಲೋಡು ಹಾಕಿಸಬೇಕು. ನೀಲಿ ಹೊಗೆ ಆಯಿಲ್ ಉರಿಯುತ್ತಿರುವುದನ್ನೂ, ಬಿಡದೆ ಬರುವ ದಟ್ಟ ಕಪ್ಪು ಹೊಗೆ ಗಾಳಿಯ ಕೊರತೆಯನ್ನೋ ಇಂಜೆಕ್ಟರಿನ ದೋಷವನ್ನೋ ಹೇಳುತ್ತದೆ. ಆಯಿಲ್ ತುಂಬುವ ಮುಚ್ಚಳ ತೆಗೆದಾಗ ಹೊಗೆ ಬುಸುಗುಟ್ಟಿದರೆ ರಿಂಗು ಸವೆದಿರಬಹುದು. ಭತ್ತದ ಗದ್ದೆಯಲ್ಲಿ ದುಡಿದ ಗಾಡಿಯಾದರೆ ಗೇರ್ ಪೆಟ್ಟಿಗೆಯ ಆಯಿಲ್ಲನ್ನೂ ನೋಡಲೇಬೇಕು. ಅದು ಹಾಲಿನ ಬಣ್ಣಕ್ಕೆ ತಿರುಗಿದ್ದರೆ ಒಳಗೆ ನೀರು ಸೇರಿದೆ ಎಂದೇ ಅರ್ಥ. ನಂಬಿಕೆಯ ಮೆಕ್ಯಾನಿಕ್‌ಗೆ ಅರ್ಧ ದಿನದ ಕೂಲಿ ಕೊಟ್ಟು ಕರೆದೊಯ್ದರೆ ನಷ್ಟವೇನಿಲ್ಲ.

ಮನೆಗೆ ತಂದ ಮೇಲಿನ ಆರೈಕೆ ಕಷ್ಟದ್ದಲ್ಲ. ಆಯಿಲ್, ಫಿಲ್ಟರ್ ಕೂಡಲೇ ಬದಲಿಸುವುದು, ದೂಳಿನ ಕಾಲದಲ್ಲಿ ಏರ್ ಕ್ಲೀನರ್‌ ದಿನವೂ ನೋಡುವುದು. ಹೆಚ್ಚಿನವರು ಎಡವುವುದು ಸಂಜೆ ಹೊತ್ತು. ದಣಿದ ಚಾಲಕ ಗದ್ದೆಯಿಂದ ಬಂದವನೇ ಎಂಜಿನ್ ಬಂದ್ ಮಾಡುತ್ತಾನೆ. ಆಗ ಕಾದ ಟರ್ಬೊಗೆ ಆಯಿಲ್ ಹರಿವು ಥಟ್ಟನೆ ನಿಂತು, ಒಳಗುಳಿದದ್ದು ಕರಕಲಾಗುತ್ತದೆ. ಎರಡು ಮೂರು ನಿಮಿಷ ನಿಧಾನಗತಿಯಲ್ಲಿ ಓಡಿಸಿ ನಿಲ್ಲಿಸಬೇಕು.

ಇನ್ನು ಕಾಗದಪತ್ರ. ಗಡಿಯಾಚೆಯ ತೆಲಂಗಾಣ, ಆಂಧ್ರದಿಂದ ಬಂದ ಗಾಡಿಯಾದರೆ ಅಲ್ಲಿನ ಆರ್‌ಟಿಒ ನೀಡುವ ನಿರಾಕ್ಷೇಪಣಾ ಪತ್ರ ಬೇಕು. ಇಲ್ಲೇ ಇಟ್ಟುಕೊಂಡರೆ 12 ತಿಂಗಳೊಳಗೆ ಕೆಎ 36 ನೋಂದಣಿಯೂ ಆಗಬೇಕು. ಆರ್‌ಸಿ ಪುಸ್ತಕದಲ್ಲಿ ಸಾಲ ಕೊಟ್ಟವರ ಹೆಸರಿದ್ದರೆ, ಅವರು ಸಹಿ ಹಾಕಿದ ಫಾರಂ 35 ಇಲ್ಲದೆ ಮುಂಗಡ ಕೊಡದಿರುವುದೇ ಲೇಸು. ಮಾರಿದವರೂ ನಿಶ್ಚಿಂತರಾಗುವಂತಿಲ್ಲ. ಕೈಯಿಂದ ಕೈಗೆ ದಾಟಿದರೂ ದಾಖಲೆಯಲ್ಲಿ ಹೆಸರು ಬದಲಾಗದ ಕಾರೊಂದರ ಅಪಘಾತದ ಪ್ರಕರಣದಲ್ಲಿ, 2018ರಲ್ಲಿ ಸುಪ್ರೀಂ ಕೋರ್ಟ್ ಪರಿಹಾರದ ಹೊಣೆ ಹೊರಿಸಿದ್ದು ಆರ್‌ಸಿಯಲ್ಲಿ ಹೆಸರಿದ್ದ ಹಳೆ ಮಾಲೀಕನ ಮೇಲೆ. ಫಾರಂ 29 ಮತ್ತು 30ಕ್ಕೆ ಸಹಿಯಾಗಿ ಹೆಸರು ಬದಲಾಗುವ ತನಕ ಇಬ್ಬರೂ ಆರ್‌ಟಿಒ ಕಚೇರಿಗೆ ಅಲೆಯುವುದು ತಪ್ಪದು.