ಉತ್ತರ ಸರಿ, ಲೆಕ್ಕ ತಪ್ಪು!

ಉತ್ತರ ಸರಿಯಿದ್ದು ಲೆಕ್ಕ ಮಾಡಿದ ದಾರಿ ತಪ್ಪಿದ್ದರೆ ನಿಮ್ಮ ಗಣಿತದ ಮೇಷ್ಟ್ರು ಪೂರ್ತಿ ಅಂಕ ಕೊಡುತ್ತಿದ್ದರೇ? ನಾಳಿನ ಹವಾಮಾನವನ್ನು ಲೆಕ್ಕ ಹಾಕುವ ಕಂಪ್ಯೂಟರ್ ಮಾದರಿಗಳೂ ಮೋಡದ ಮಟ್ಟಿಗೆ ಇಂಥ ವಿದ್ಯಾರ್ಥಿಗಳೇ.

ಭೂಮಿಯ ಮೂರರಲ್ಲಿ ಸುಮಾರು ಎರಡು ಪಾಲನ್ನು ಸದಾ ಮೋಡ ಮುಚ್ಚಿರುತ್ತದೆ. 2006ರಲ್ಲಿ ಮೇಲೇರಿದ ಕ್ಲೌಡ್‌ಸ್ಯಾಟ್ ಮತ್ತು ಕ್ಯಾಲಿಪ್ಸೊ ಉಪಗ್ರಹಗಳು ರಾಡಾರ್, ಲೇಸರ್‌ಗಳಿಂದ ಮೋಡದ ಪದರಗಳನ್ನು ಬಿಡಿಸಿ ತೋರಿಸಿದವು. ಮಾದರಿಗಳನ್ನು ಅದರೊಡನೆ ಹೋಲಿಸಿದಾಗ ಗುಟ್ಟು ರಟ್ಟಾಯಿತು. ಉಷ್ಣವಲಯದ ಸಾಗರಗಳ ಮೇಲೆ ತಗ್ಗಿನಲ್ಲಿ ತೇಲುವ ಮೋಡಗಳು ಹಲವು ಮಾದರಿಗಳಲ್ಲಿ ತೀರಾ ಕಡಿಮೆ. ಇದ್ದಷ್ಟು ಮೋಡಗಳೋ ಅತಿ ಬೆಳ್ಳಗೆ! ಎರಡು ತಪ್ಪು ಒಂದನ್ನೊಂದು ಸರಿದೂಗಿಸಿ, ಬಾಹ್ಯಾಕಾಶಕ್ಕೆ ಮರಳುವ ಬಿಸಿಲಿನ ಮೊತ್ತ ಮಾತ್ರ ಹೆಚ್ಚುಕಡಿಮೆ ಸರಿ.

ಕಾರಣವಿದೆ. ಮಾದರಿಯ ಒಂದು ಚೌಕ ಸಾಮಾನ್ಯವಾಗಿ ಸುಮಾರು 100 ಕಿ.ಮೀ. ಅಗಲ, ಮುಂಬಯಿ-ಪುಣೆ ನಡುವಣ ದೂರಕ್ಕಿಂತ ತುಸು ಕಡಿಮೆ. ಘಟ್ಟದಲ್ಲಿ ಮೋಡ ಕವಿದಿದ್ದಾಗ ಪುಣೆಯಲ್ಲಿ ಬಿಸಿಲಿರುವುದನ್ನು ನೀವೇ ಕಂಡಿರಬಹುದು. ಚೌಕದೊಳಗಿನ ಮೋಡವನ್ನು ಸೂತ್ರದಿಂದ ಅಂದಾಜಿಸದೆ ವಿಧಿಯಿಲ್ಲ.

ಸಣ್ಣ ತಪ್ಪೆನ್ನಬೇಡಿ. ಬಿಸಿಯೇರಿದಂತೆ ತಗ್ಗು ಮೋಡ ಕಡಿಮೆಯಾದರೆ ಬಿಸಿ ಇನ್ನಷ್ಟು ಏರುತ್ತದೆ. ಇಂಗಾಲದ ಡೈಆಕ್ಸೈಡ್ ಇಮ್ಮಡಿಯಾದರೆ ತಾಪ ಎಷ್ಟು ಏರೀತು? 1979ರ ಅಂದಾಜು 1.5ರಿಂದ 4.5 ಡಿಗ್ರಿ ಸೆಲ್ಸಿಯಸ್. 2021ರ ಐಪಿಸಿಸಿ ವರದಿಯದು 2.5ರಿಂದ 4. ಉಳಿದಿರುವ ಈ ಅಂತರಕ್ಕೆ ಬಹುಮಟ್ಟಿಗೆ ಮೋಡಗಳೇ ಹೊಣೆ.