ಬಚ್ಚಲುಮನೆಯ ಹಂಡೆಯನ್ನು ಇಳಿಸುವ ಮುನ್ನ

ದೀಪಾವಳಿಯ ನೀರು ತುಂಬುವ ಹಬ್ಬದಂದು ನಮ್ಮ ಸೀಮೆಯ ಮನೆಗಳಲ್ಲಿ ಪೂಜೆ ಸಲ್ಲುವುದು ಬಚ್ಚಲುಮನೆಯ ಹಂಡೆಗೆ. ಹುಣಸೆಹಣ್ಣಿನಿಂದ ತಿಕ್ಕಿ ಬೆಳಗಿ, ಸುಣ್ಣ ಕೆಮ್ಮಣ್ಣಿನ ಪಟ್ಟೆ ಎಳೆದು, ಕೊರಳಿಗೆ ಹಾಗಲಬಳ್ಳಿ ಸುತ್ತಿ, ಹೊಸ ನೀರು ತುಂಬುತ್ತಾರೆ. ಮರುದಿನ ಬೆಳಗಿನ ಜಾವ ಮನೆಮಂದಿಗೆಲ್ಲ ಆ ನೀರಿನಲ್ಲೇ ಎಣ್ಣೆಸ್ನಾನ. ಈಚೆಗೆ ಹೊಸಪೇಟೆಯ ಬಡಾವಣೆಗಳಲ್ಲಿ, ಸಂಡೂರು ಕಂಪ್ಲಿಗಳ ಹೊಸ ಮನೆಗಳಲ್ಲಿ ಈ ಹಂಡೆ ಅಟ್ಟ ಸೇರಿದೆ. ಹಬ್ಬದ ದಿನ ಕೆಳಗಿಳಿಸಿ ಪೂಜಿಸಿ ಮತ್ತೆ ಮೇಲಿಡುತ್ತಾರೆ. ಸ್ನಾನದ ನೀರು ಗೋಡೆಯ ಮೇಲಿನ ಗೀಸರಿನಿಂದ ಬರುತ್ತದೆ.

ಈ ಬದಲಾವಣೆ ತಪ್ಪೆಂದು ನಾವು ಹೇಳುವುದಿಲ್ಲ. ನೀರೊಲೆಯ ಮುಂದೆ ಕುಳಿತು ಊದುಗೊಳವೆಯಿಂದ ಊದಿ ಊದಿ ಕಣ್ಣು ಕೆಂಪಾಗಿಸಿಕೊಂಡ ತಾಯಂದಿರನ್ನು ನೆನೆದರೆ ಯಾರೂ ಹಾಗೆ ಹೇಳಲಾರರು. ಬಯಲಿನಿಂದ ಕಡಿದು ತಂದ ಬಳ್ಳಾರಿ ಜಾಲಿ, ಹತ್ತಿಕಟ್ಟಿಗೆ, ಕಂಪ್ಲಿಯ ಕಡೆ ಕಬ್ಬಿನ ರವದಿ, ತೆಂಗಿನ ಗರಿ, ಇವು ಯಾವುವೂ ಹೊಗೆಯಿಲ್ಲದೆ ಉರಿಯುವಂಥವಲ್ಲ. ಬೀಡಿ ಸಿಗರೇಟು ಮುಟ್ಟದ ಹೆಂಗಸರಿಗೂ ದಮ್ಮು, ಬಿಡದ ಕೆಮ್ಮು ಬರುವುದಕ್ಕೆ ಒಲೆಯ ಹೊಗೆ ದೊಡ್ಡ ಕಾರಣ. ಮನೆಯೊಳಗಿನ ಹೊಗೆಯಿಂದ 2020ರಲ್ಲಿ ಜಗತ್ತಿನಲ್ಲಿ ಸುಮಾರು 32 ಲಕ್ಷ ಜನ ಸತ್ತರೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಒಲೆ ಹತ್ತಿಸಲು ಪ್ಲಾಸ್ಟಿಕ್ ಚೀಲ, ಹಳೆಯ ಟೈರಿನ ತುಂಡು, ಬಣ್ಣ ಬಳಿದ ಕಟ್ಟಿಗೆಯ ಚೂರು ಹಾಕುವ ರೂಢಿಯಂತೂ ಹೊಗೆಗೆ ವಿಷ ಬೆರೆಸಿದಂತೆ. ಹಂಡೆಯನ್ನು ಉಳಿಸಿಕೊಂಡಿರುವ ಮನೆಯವರು ಇಷ್ಟನ್ನಾದರೂ ಇಂದೇ ನಿಲ್ಲಿಸಬೇಕು.

ಹೀಗಿದ್ದೂ ಈ ಲೇಖನವನ್ನು ಬರೆಯಬೇಕಾಗಿ ಬಂದುದು ಹೊಗೆಯಿಂದಲ್ಲ, ಹೊಗೆಯಿಲ್ಲದ ಒಂದು ಅಪಾಯದಿಂದ. ಕಂಪ್ಲಿಯ ಕಡೆಯ ಭಕ್ತರೊಬ್ಬರ ಮನೆಗೆ ಕಳೆದ ಚಳಿಗಾಲದಲ್ಲಿ ನಾವು ಹೋಗಿದ್ದೆವು. ಹೆರಿಗೆಗೆಂದು ಮಗಳು ತವರಿಗೆ ಬಂದಿದ್ದಳು. ಗಂಡು ಮಗುವಾಗಿ ಹದಿನೈದು ದಿನವಾಗಿತ್ತು. ಬಾಣಂತಿಗೆ ಕಾದ ನೀರು ಸಾಲದೆಂದು ಹಂಡೆಯನ್ನು ತೆಗೆಸಿ, ತೊಟ್ಟಿಲ ಕಾರ್ಯಕ್ಕೆ ಮೊದಲೇ ಬಚ್ಚಲುಮನೆಯಲ್ಲಿ ಗ್ಯಾಸ್ ಗೀಸರ್ ಹಾಕಿಸಿದ್ದರು. ಥಂಡಿಗಾಳಿ ತಾಗಬಾರದೆಂದು ಕಿಟಕಿಯ ಸಂದಿಗೆ ಬಟ್ಟೆ ತುರುಕಿ, ಬಾಗಿಲು ಮುಚ್ಚಿ, ಅಜ್ಜಿ ಬಾಣಂತಿಗೆ ನೀರು ಹಾಕುತ್ತಿದ್ದರು. ನಲ್ಲಿ ನಿಲ್ಲಿಸದೆ ನೀರು ಹರಿಯುತ್ತಿತ್ತು. ಸ್ವಲ್ಪ ಹೊತ್ತಿನಲ್ಲೇ ಬಾಣಂತಿಗೆ ತಲೆನೋವು, ಓಕರಿಕೆ. ಅಜ್ಜಿಗೆ ಕಾಲಲ್ಲಿ ಶಕ್ತಿಯೇ ಇಲ್ಲದಂತಾಗಿ ಅಲ್ಲೇ ಕುಸಿದರು. ಹೊರಗಿದ್ದ ಸೊಸೆ ಬಾಗಿಲು ತೆಗೆಸಿದ್ದರಿಂದ ಇಬ್ಬರೂ ಉಳಿದರು. ಒಂದು ವಾರದಿಂದ ದಿನವೂ ಸ್ನಾನದ ನಂತರ ಮಗಳಿಗೆ ತಲೆ ಸುತ್ತುತ್ತಿತ್ತಂತೆ. "ನಾವು ದೃಷ್ಟಿ ಆಗೈತಂತ ತಿಳ್ಕಂಡಿದ್ವಿರಿ, ದಿನಾ ನಿವಾಳಿಸ್ತಿದ್ವಿ" ಎಂದು ಅಜ್ಜಿ ನಮಗೆ ಹೇಳಿದರು.

ಅದು ದೃಷ್ಟಿಯಲ್ಲ, ಕಾರ್ಬನ್ ಮಾನಾಕ್ಸೈಡ್ ಎಂಬ ಅನಿಲ. ಯಾವುದೇ ಉರುವಲು ಸಾಕಷ್ಟು ಗಾಳಿಯಿಲ್ಲದೆ ಅರೆಬರೆ ಉರಿದಾಗ ಹುಟ್ಟುವಂಥದು. ಇದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಕಣ್ಣು ಮೂಗುಗಳಲ್ಲಿ ಉರಿಯೂ ಇಲ್ಲ. ಸಿಲಿಂಡರಿನ ಗ್ಯಾಸ್ ಸೋರಿದರೆ ಮೂಗಿಗೆ ಗೊತ್ತಾಗುತ್ತದೆ, ಏಕೆಂದರೆ ಅದಕ್ಕೆ ಬೇಕೆಂದೇ ದುರ್ವಾಸನೆ ಬೆರೆಸಿರುತ್ತಾರೆ. ಆದುದರಿಂದ 'ವಾಸನೆಯೇ ಬರಲಿಲ್ಲ, ಗ್ಯಾಸ್ ಹೇಗೆ ಸೋರೀತು' ಎಂದು ಜನ ಕೇಳುತ್ತಾರೆ. ಸೋರಿಕೆಯೇ ಬೇಕಿಲ್ಲ. ಗೀಸರ್ ಸರಿಯಾಗಿಯೇ ಉರಿಯುತ್ತಿದ್ದರೂ ಕೋಣೆಯ ಗಾಳಿ ತೀರಿದರೆ ಸಾಕು.

ಲೆಕ್ಕ ಹಾಕಿ ನೋಡೋಣ. ನಾಲ್ಕು ಅಡಿ ಅಗಲ, ಆರು ಅಡಿ ಉದ್ದ, ಎಂಟು ಅಡಿ ಎತ್ತರದ ಬಚ್ಚಲುಮನೆಯಲ್ಲಿ ಇರುವ ಗಾಳಿ ಸುಮಾರು 5,400 ಲೀಟರ್. ನಿಮಿಷಕ್ಕೆ ಆರು ಲೀಟರ್ ಬಿಸಿನೀರು ಕೊಡುವ ಗ್ಯಾಸ್ ಗೀಸರ್ ಅಡುಗೆ ಒಲೆಯ ಒಂದು ಬರ್ನರಿಗಿಂತ ಸುಮಾರು ಐದು ಪಟ್ಟು ವೇಗವಾಗಿ ಗ್ಯಾಸನ್ನು ಸುಡುತ್ತದೆ. ಹತ್ತು ನಿಮಿಷ ಪೂರ್ಣವಾಗಿ ಉರಿಯಲು ಅದಕ್ಕೆ ಹೆಚ್ಚುಕಡಿಮೆ 2,000 ಲೀಟರ್ ಗಾಳಿ ಬೇಕು. ಅಂದರೆ ಬಾಗಿಲು ಕಿಟಕಿ ಭದ್ರವಾಗಿ ಮುಚ್ಚಿದ್ದರೆ, ಅರ್ಧ ಗಂಟೆಗೆ ಬೇಕಾಗುವಷ್ಟು ಗಾಳಿ ಆ ಕೋಣೆಯಲ್ಲಿ ಇಲ್ಲವೇ ಇಲ್ಲ. ಆಮ್ಲಜನಕ ಕಡಿಮೆಯಾಗುತ್ತಿದ್ದಂತೆ ಜ್ವಾಲೆ ಅರೆಬರೆ ಉರಿಯತೊಡಗುತ್ತದೆ. ಅಪಾಯಕ್ಕೆ ಅರ್ಧ ಗಂಟೆಯೂ ಬೇಕಾಗುವುದಿಲ್ಲ. ಸ್ನಾನ ಮಾಡುವವರು ಉಸಿರಾಡುವುದೂ ಅದೇ ಗಾಳಿಯನ್ನು.

ರಕ್ತದಲ್ಲಿ ಪ್ರಾಣವಾಯುವನ್ನು ಹೊತ್ತೊಯ್ಯುವುದು ಹಿಮೋಗ್ಲೋಬಿನ್. ಆಮ್ಲಜನಕಕ್ಕಿಂತ ಇನ್ನೂರಕ್ಕೂ ಹೆಚ್ಚು ಪಟ್ಟು ಬಲವಾಗಿ ಈ ವಿಷಾನಿಲ ಅದನ್ನು ಹಿಡಿದುಕೊಳ್ಳುತ್ತದೆ. ಮೊದಲು ತಲೆಭಾರ, ಓಕರಿಕೆ, ಕಾಲು ಸೋಲುವುದು. ಆಮೇಲೆ ಮಂಪರು. ಅಪಾಯವೆಂದು ತಿಳಿದರೂ ಎದ್ದು ಚಿಲಕ ತೆಗೆಯಲು ಆಗುವುದಿಲ್ಲ. ಕೆಲವರಿಗೆ ಫಿಟ್ಸ್ ಬರುತ್ತದೆ. ಬಚ್ಚಲಿನಲ್ಲಿ ಹೀಗೆ ಬಿದ್ದವರಿಗೆ ಮೂರ್ಛೆರೋಗವೆಂದು ವರ್ಷಗಟ್ಟಲೆ ಮಾತ್ರೆ ನುಂಗಿಸುವ ಸಾಧ್ಯತೆಯೂ ಉಂಟು. ನಮ್ಮ ದೇಶದ ವೈದ್ಯರು ಈ ಲಕ್ಷಣಗಳಿಗೆ 'ಗ್ಯಾಸ್ ಗೀಸರ್ ಸಿಂಡ್ರೋಮ್' ಎಂದು ಹೆಸರಿಟ್ಟಿದ್ದಾರೆ. ಲಿಂಗಪೂಜೆಯಾಗುವವರೆಗೆ ಏನನ್ನೂ ಸೇವಿಸದ ಹಿರಿಯರು ಬೆಳಗಿನ ಜಾವ ಬಚ್ಚಲಿನಲ್ಲಿ ಬಿದ್ದರೆ ಹಸಿವೆ, ಪಿತ್ತ, ಶುಗರ್ ಎಂದೇ ಎಲ್ಲರೂ ಭಾವಿಸುತ್ತಾರೆ. ಗೀಸರ್ ಯಾವುದು, ಬಾಗಿಲು ಮುಚ್ಚಿತ್ತೇ ಎಂದು ಯಾರೂ ಕೇಳುವುದಿಲ್ಲ. 2025ರಲ್ಲಿ ಮೈಸೂರು ಜಿಲ್ಲೆಯ ಪಿರಿಯಾಪಟ್ಟಣದಲ್ಲಿ ಇಬ್ಬರು ಯುವತಿಯರು ಹೀಗೆ ಬಚ್ಚಲುಮನೆಯಲ್ಲೇ ಪ್ರಾಣ ಬಿಟ್ಟ ಸುದ್ದಿಯನ್ನು ಓದುಗರು ನೋಡಿರಬಹುದು.

ಕೋವಿಡ್ ಕಾಲದಿಂದ ಅನೇಕರ ಮನೆಯಲ್ಲಿ ಬೆರಳಿಗೆ ಹಾಕಿ ಆಮ್ಲಜನಕ ಅಳೆಯುವ ಪುಟ್ಟ ಯಂತ್ರವಿದೆ. ಇಂಥ ಸಂದರ್ಭದಲ್ಲಿ ಅದನ್ನು ನಂಬಬಾರದು. ವಿಷಾನಿಲ ಹಿಡಿದುಕೊಂಡ ರಕ್ತವನ್ನೂ ಅದು ಆಮ್ಲಜನಕ ತುಂಬಿದ ರಕ್ತವೆಂದೇ ಎಣಿಸಿ 97, 98 ಎಂದು ತೋರಿಸಬಲ್ಲದು. ಬಿದ್ದವರನ್ನು ತಕ್ಷಣ ಬಯಲಿಗೆ ಸಾಗಿಸಿ, ಗ್ಯಾಸ್ ಆರಿಸಿ, 108ಕ್ಕೆ ಕರೆ ಮಾಡಬೇಕು. ಉಳಿಸಲು ಹೋದವರು ಒಳಗೇ ನಿಂತು ಉಪಚರಿಸಬಾರದು. ಬರಿಯ ಗಾಳಿಯಲ್ಲಿ ಈ ವಿಷ ಅರ್ಧದಷ್ಟು ಇಳಿಯಲು ನಾಲ್ಕೈದು ಗಂಟೆ ಹಿಡಿದರೆ, ಆಸ್ಪತ್ರೆಯಲ್ಲಿ ಮುಖವಾಡದ ಮೂಲಕ ಶುದ್ಧ ಆಮ್ಲಜನಕ ಕೊಟ್ಟಾಗ ಒಂದು ಒಂದೂವರೆ ಗಂಟೆ ಸಾಕು. ಎಚ್ಚರವಾದ ಮೇಲೂ ವೈದ್ಯರಿಗೆ 'ಗ್ಯಾಸ್ ಗೀಸರ್ ಉರಿಯುತ್ತಿತ್ತು' ಎಂಬ ಮಾತನ್ನು ಬಿಡದೆ ಹೇಳಬೇಕು. ಮರೆವು, ನಡಿಗೆಯ ತೊಡಕು ಕೆಲವರಲ್ಲಿ ಕೆಲವು ವಾರಗಳ ನಂತರ ತಲೆದೋರುತ್ತವೆ. ಗರ್ಭಿಣಿಯರ ವಿಷಯದಲ್ಲಂತೂ ತಾಯಿ ಚೇತರಿಸಿಕೊಂಡಂತೆ ಕಂಡರೂ ಹೊಟ್ಟೆಯೊಳಗಿನ ಕೂಸಿಗೆ ಹೆಚ್ಚಿನ ಘಾಸಿಯಾಗಿರಬಹುದು.

ಹಾಗಾದರೆ ಹಿಂದಿನವರು ಹಂಡೆಯ ಮುಂದೆ ಹೇಗೆ ಬದುಕಿದರು ಎಂಬ ಪ್ರಶ್ನೆ ಸಹಜ. ಕಟ್ಟಿಗೆಯಿಂದಲೂ ಇದೇ ಅನಿಲ ಹುಟ್ಟುತ್ತದೆ. ಆದರೆ ಹಳೆಯ ಬಚ್ಚಲುಮನೆಯನ್ನು ನೆನಪಿಸಿಕೊಳ್ಳಿ. ಎಷ್ಟೋ ಮನೆಗಳಲ್ಲಿ ನೀರೊಲೆಯ ಬಾಯಿ ಹಿತ್ತಲಿಗೆ ತೆರೆದಿರುತ್ತಿತ್ತು, ಹಂಡೆ ಮಾತ್ರ ಒಳಗೆ. ಮೇಲೆ ಹೆಂಚಿನ ಸಂದಿ, ಗೋಡೆಯಲ್ಲಿ ಗವಾಕ್ಷಿ, ಬಾಗಿಲೆಂದರೆ ತಗಡು ಅಥವಾ ಪರದೆ. ಹೊಗೆ ಹೆಚ್ಚಾದರೆ ಕಣ್ಣೇ ಎಚ್ಚರಿಸಿ ಹೊರಗೆ ಓಡಿಸುತ್ತಿತ್ತು. ನಾವು ಹಂಡೆಯನ್ನಷ್ಟೇ ಬದಲಾಯಿಸಿದೆವೆಂದು ತಿಳಿದಿದ್ದೇವೆ. ಅದರೊಂದಿಗೆ ಕೋಣೆಯನ್ನೂ ಬದಲಾಯಿಸಿದ್ದೇವೆ. ನೆಲದಿಂದ ಸೂರಿನವರೆಗೆ ಟೈಲ್ಸ್, ಗಾಜು ಕೂಡಿಸಿದ ಕಿಟಕಿ, ಕೆಳಗೆ ಎಳ್ಳಷ್ಟೂ ಸಂದಿಯಿಲ್ಲದ ಬಾಗಿಲು. ಹಂಪಿಗೆ ಹೋದಾಗ ರಾಣಿಯ ಸ್ನಾನಗೃಹವನ್ನು ಎಲ್ಲರೂ ನೋಡುತ್ತೇವೆ. ಸುತ್ತಲೂ ಮೊಗಸಾಲೆ, ನಡುವಿನ ಕೊಳಕ್ಕೆ ಮೇಲೆ ಬರಿಯ ಆಕಾಶ. ಅರಸೊತ್ತಿಗೆಯವರಿಗೇ ಗಾಳಿ ಬೇಕಾಗಿತ್ತು!

ಬಾಣಂತಿಯ ಕೋಣೆಯ ಅಗ್ಗಿಷ್ಟಿಕೆಯ ಮಾತನ್ನೂ ಇಲ್ಲೇ ಸೇರಿಸಬೇಕು. ಕೆಂಡಕ್ಕೆ ಹೊಗೆಯಿಲ್ಲವೆಂದು ಮಂಚದ ಕೆಳಗೆ ಇದ್ದಿಲ ಕೆಂಡವಿಟ್ಟು, ಲೋಬಾನ ಹಾಕಿ, ಬಾಗಿಲು ಮುಚ್ಚಿ ತಾಯಿ ಮಗುವನ್ನು ಮಲಗಿಸುವ ಪದ್ಧತಿ ಇನ್ನೂ ಇದೆ. ಹೊಗೆಯಿಲ್ಲದ ಕೆಂಡವೇ ಈ ಅನಿಲವನ್ನು ಹೇರಳವಾಗಿ ಬಿಡುವಂಥದು. ಬೆಚ್ಚಗಿಡಲು ಕಂಬಳಿ, ಕುಲಾವಿ, ತಾಯಿಯ ಮೈಶಾಖ ಸಾಕು. ಹಿರಿಯರು ಬೇಸರಿಸಿಕೊಂಡರೂ ಕೆಂಡ ಕೋಣೆಯ ಹೊರಗೇ ಇರಲಿ.

ಇನ್ನು ಹಂಡೆಯ ಬದಲಿಗೆ ಏನು? ಬಿಸಿಲಿಗೆ ಬಡತನವಿಲ್ಲದ ನಮ್ಮ ಸೀಮೆಗೆ ಸೋಲಾರ್ ಹೀಟರಿನಷ್ಟು ಒಪ್ಪುವುದು ಬೇರೊಂದಿಲ್ಲ ಎಂಬುದು ನಮ್ಮ ಅಭಿಪ್ರಾಯ. ಹಗಲು ಕಾದ ನೀರು ಶಾಖ ಹಿಡಿದಿಡುವ ತೊಟ್ಟಿಯಲ್ಲಿ ಮರುದಿನ ನಸುಕಿನವರೆಗೆ ಬಿಸಿಯಾಗಿರುತ್ತದೆ. ಸಣ್ಣ ಕುಟುಂಬಕ್ಕೆ 100 ಲೀಟರಿನದು ಸಾಕು. ಉರಿಯೇ ಇಲ್ಲದ್ದರಿಂದ ವಿಷಾನಿಲದ ಮಾತಿಲ್ಲ. ಕೊಳವೆಬಾವಿಯ ಗಡಸು ನೀರಾದರೆ ಮಾತ್ರ ತೆಳುವಾದ ತಾಮ್ರದ ಕೊಳವೆಗಳಲ್ಲಿ ಸುಣ್ಣದ ಪದರ ಕಟ್ಟಿಕೊಂಡು ಕೆಲವೇ ವರ್ಷಗಳಲ್ಲಿ ನೀರು ಬಿಸಿಯಾಗದಂತಾಗುತ್ತದೆ. ಆದುದರಿಂದ ಕೊಳ್ಳುವಾಗ ಗಡಸು ನೀರಿಗೆ ಯಾವ ಮಾದರಿ ಎಂದು ಕೇಳಿಯೇ ಕೊಳ್ಳಬೇಕು. ಬೇಸಿಗೆಯಲ್ಲಿ ಈ ನೀರು ಕುದಿಯುವಷ್ಟು ಕಾದಿರುತ್ತದೆ. 60 ಡಿಗ್ರಿಯ ನೀರು ಮಕ್ಕಳ ಎಳೆಯ ಚರ್ಮವನ್ನು ಕೆಲವೇ ಸೆಕೆಂಡುಗಳಲ್ಲಿ ಸುಡುತ್ತದೆ. ಬಕೆಟ್ಟಿಗೆ ಮೊದಲು ತಣ್ಣೀರು, ಆಮೇಲೆ ಬಿಸಿನೀರು. ಕೂಸಿನ ನೀರನ್ನು ಅಂಗೈಯಿಂದಲ್ಲ, ಮೊಣಕೈಯಿಂದ ನೋಡಬೇಕು. ದುಡಿದು ಗಟ್ಟಿಯಾದ ಅಂಗೈಗೆ ಶಾಖ ಸರಿಯಾಗಿ ತಿಳಿಯದು.

ವಿದ್ಯುತ್ ಗೀಸರಿನದು ಖರ್ಚಿನ ಪ್ರಶ್ನೆ. 20 ಲೀಟರಿನ ಒಂದು ಬಕೆಟ್ ನೀರನ್ನು 25ರಿಂದ 45 ಡಿಗ್ರಿಗೆ ಏರಿಸಲು ಸುಮಾರು ಅರ್ಧ ಯೂನಿಟ್ ಬೇಕು. ಐವರಿರುವ ಮನೆಗೆ ತಿಂಗಳಿಗೆ 75 ಯೂನಿಟ್ ಆಯಿತು. ಗೃಹಜ್ಯೋತಿಯ ಉಚಿತ ವಿದ್ಯುತ್ ಪಡೆಯುತ್ತಿರುವವರು ತಮ್ಮ ಮಿತಿ ದಾಟುವುದೇ ಎಂದು ನೋಡಿಕೊಳ್ಳಲಿ. ಅರ್ಥಿಂಗ್ ಸರಿಯಿರುವುದು ಮುಖ್ಯ. ಬಕೆಟ್ಟಿನಲ್ಲಿ ಮುಳುಗಿಸುವ ಕಾಯಿಲ್ ನಮಗೆ ಎಂದೂ ಹಿಡಿಸಿಲ್ಲ. ಸ್ವಿಚ್ ಆರಿಸದೆ ನೀರು ಕಾದಿದೆಯೇ ಎಂದು ಬೆರಳು ಅದ್ದಿ ನೋಡುವ ಕೈ ಪ್ರತಿ ಮನೆಯಲ್ಲೂ ಒಂದಿರುತ್ತದೆ.

ಗ್ಯಾಸ್ ಗೀಸರೇ ಬೇಕೆಂದಿದ್ದರೆ ಅದರ ಜಾಗ ಬಚ್ಚಲುಮನೆಯ ಹೊರಗೆ: ಹಿತ್ತಲ ಗೋಡೆ, ತೆರೆದ ಮೊಗಸಾಲೆ, ಗಾಳಿಯಾಡುವ ಪಡಸಾಲೆಯ ಹೊರಮೈ. ಒಳಕ್ಕೆ ಬಿಸಿನೀರಿನ ಕೊಳವೆ ಮಾತ್ರ ಬರಲಿ. ಈಗಾಗಲೇ ಒಳಗೆ ಕೂಡಿಸಿದ್ದರೆ, ಹೊರಗೆ ಹಾಕಿಸುವವರೆಗೆ ಹೀಗೆ ಮಾಡಬಹುದು: ಬಾಗಿಲು ತೆರೆದಿಟ್ಟು ಬಕೆಟ್ಟುಗಳನ್ನು ತುಂಬಿಕೊಳ್ಳುವುದು, ಗೀಸರ್ ಆರಿಸುವುದು, ಸ್ವಲ್ಪ ಹೊತ್ತು ಗಾಳಿಯಾಡಲು ಬಿಡುವುದು, ನಂತರ ಸ್ನಾನಕ್ಕೆ ಇಳಿಯುವುದು. ಒಬ್ಬರ ಹಿಂದೆ ಒಬ್ಬರು ಸ್ನಾನ ಮಾಡುವ ಹಬ್ಬದ ಬೆಳಗು, ಮದುವೆಯ ಮನೆ, ಇವೇ ಹೆಚ್ಚು ಅಪಾಯದ ಹೊತ್ತುಗಳು. ಎಕ್ಸಾಸ್ಟ್ ಫ್ಯಾನ್ ಇದೆಯೆಂಬ ಧೈರ್ಯ ಸಾಲದು. ಒಳಕ್ಕೆ ಗಾಳಿ ಬರಲು ಕೆಳಗೆ ದಾರಿಯಿಲ್ಲದಿದ್ದರೆ ಫ್ಯಾನ್ ಏನನ್ನು ಹೊರಗೆ ತಳ್ಳೀತು? ಬಾಗಿಲಿನ ಕೆಳಗೆ ಎರಡು ಬೆರಳಿನಷ್ಟು ಸಂದಿ, ಮೇಲೆ ಮುಚ್ಚಲಾಗದ ಜಾಲರಿ, ಇವೆರಡೂ ಇರಲೇಬೇಕು. ನೀಲಿ ಜ್ವಾಲೆ ಹಳದಿಯಾದರೆ, ಗೀಸರಿನ ಮೇಲೆ ಮಸಿ ಕಂಡರೆ ಅದನ್ನು ಬಳಸದೆ ರಿಪೇರಿಯವರನ್ನು ಕರೆಸಬೇಕು.

ಕಂಪ್ಲಿಯ ಆ ಮನೆಗೆ ನಾವು ಎರಡನೆಯ ಸಲ ಹೋದಾಗ ಗೀಸರ್ ಹಿತ್ತಲ ಗೋಡೆಗೆ ಹೋಗಿತ್ತು. ಬಚ್ಚಲಿನ ಕಿಟಕಿಯ ಗಾಜು ತೆಗೆದು ಸಿಮೆಂಟಿನ ಜಾಲರಿ ಕೂಡಿಸಿದ್ದರು. ಥಂಡಿ ಎಂದು ಅಜ್ಜಿಯ ತಕರಾರು ಇನ್ನೂ ಮುಗಿದಿರಲಿಲ್ಲ. ಆದರೂ ಮೊಮ್ಮಗನಿಗೆ ನೀರು ಹಾಕುವಾಗ ಬಾಗಿಲನ್ನು ಅವರೇ ಅರ್ಧ ತೆರೆದಿಟ್ಟಿದ್ದರು.